ಹತ್ತಿ ಮತ್ತು ಗುಂಡ: ಗಂಡು ಹೆಣ್ಣು ಮೊಲಗಳನ್ನು ಜೊತೆಯಲ್ಲೇ ಸಾಕಬಹುದೇ?

ಹಿತ್ತಲ ಮಲ್ಲಿಗೆ, ದಾವಣಗೆರೆ (ಮಾರ್ಚ್ 9)

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆಯಿಂದ ಕೈಕಾಲು ಆಡುತ್ತಿಲ್ಲ, ತಿಳಿದವರು ದಯವಿಟ್ಟು ಬೇಗ ಹೇಳಿ.

ಕಳೆದ ನವೆಂಬರ್‌ನಲ್ಲಿ ಮಗಳ ಹುಟ್ಟುಹಬ್ಬಕ್ಕೆಂದು ಎರಡು ತಿಂಗಳ ಎರಡು ಮೊಲದ ಮರಿಗಳನ್ನು ತಂದೆವು. ಎರಡೂ ಹೆಣ್ಣೇ ಎಂದು ಅಂಗಡಿಯವರು ಹೇಳಿದ್ದರು. ಬಿಳಿಯದಕ್ಕೆ ಹತ್ತಿ, ಬೂದು ಬಣ್ಣದ ದಪ್ಪನೆಯದಕ್ಕೆ ಗುಂಡಿ ಎಂದು ಮಗಳು ಹೆಸರಿಟ್ಟಳು. ಇವತ್ತು ಬೆಳಿಗ್ಗೆ ನೋಡಿದರೆ ಗೂಡಿನ ತುಂಬಾ ಬಿಳಿ ತುಪ್ಪಳ. ಮೂಲೆಯಲ್ಲಿ ಬೆರಳುದ್ದದ, ಕೂದಲೇ ಇಲ್ಲದ ಏಳು ಮರಿಗಳು. ಅದರಲ್ಲಿ ಎರಡನ್ನು ಕೆಂಪಿರುವೆ ಮುತ್ತಿ ಕೊಂದುಬಿಟ್ಟಿದ್ದವು. ಹಾಗಾದರೆ ಗುಂಡಿ ಗುಂಡಿಯಲ್ಲ, ಗುಂಡ.

ಹತ್ತಿ ಮರಿಗಳ ಹತ್ತಿರ ಕೂರುತ್ತಲೇ ಇಲ್ಲ. ಇನ್ನೊಂದು ಮೂಲೆಯಲ್ಲಿ ಮುಖ ತಿರುಗಿಸಿ ಕುಳಿತಿದ್ದಾಳೆ. ಅವಳು ಮರಿಗಳನ್ನು ಬಿಟ್ಟುಬಿಟ್ಟಳೇ? ಗುಂಡನನ್ನು ಬೇರೆ ಮಾಡಬೇಕೇ? ಒಬ್ಬರನ್ನೊಬ್ಬರು ಬಿಟ್ಟು ಐದು ನಿಮಿಷ ಇದ್ದವರಲ್ಲ. ಮನೆಯವರು ಒಂದನ್ನು ಯಾರಿಗಾದರೂ ಕೊಟ್ಟುಬಿಡೋಣ ಎನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ.

ದನದ ಡಾಕ್ಟರು, ಹಾಸನ (ಮಾರ್ಚ್ 9)

ಅಮ್ಮ, ಓದುವುದನ್ನು ನಿಲ್ಲಿಸಿ ಮೊದಲು ಎದ್ದು ಗುಂಡನನ್ನು ಬೇರೆ ಗೂಡಿಗೆ ಹಾಕಿ. ಈಗಲೇ. ಉಳಿದದ್ದನ್ನು ಆಮೇಲೆ ಓದಿ.

ಕಾರಣ ಹೇಳುತ್ತೇನೆ. ಹಸುವಿಗೆ ಇರುವಂತೆ ಮೊಲಕ್ಕೆ ತಿಂಗಳ ಬೆದೆಯ ಲೆಕ್ಕವಿಲ್ಲ. ಕೂಡಿದ ಮೇಲೆಯೇ, ಸುಮಾರು ಹತ್ತು ಹನ್ನೆರಡು ಗಂಟೆಗಳಲ್ಲಿ, ಅಂಡ ಬಿಡುಗಡೆಯಾಗುತ್ತದೆ. ಮರಿ ಹಾಕಿದ ಕೆಲವೇ ಗಂಟೆಗಳಲ್ಲಿ ಹೆಣ್ಣು ಮತ್ತೆ ಗಬ್ಬ ಕಟ್ಟಬಲ್ಲದು. ಗಂಡು ಮರಿಗಳಿಗೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ, ಆದರೆ ತಾಯಿಯನ್ನು ಬಿಡುವುದಿಲ್ಲ. ರಾತ್ರಿಯಿಡೀ ಜೊತೆಯಲ್ಲಿದ್ದರು ಎಂದರೆ ಹತ್ತಿ ಈಗಾಗಲೇ ಮತ್ತೆ ಬಸಿರಾಗಿರುವ ಸಾಧ್ಯತೆ ಹೆಚ್ಚು. ಮೊಲದ ಗಬ್ಬದ ಅವಧಿ ಸುಮಾರು 31 ದಿನ. ಏಪ್ರಿಲ್ 8 ರ ಆಸುಪಾಸನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಹತ್ತಿ ಮರಿಗಳನ್ನು ಬಿಟ್ಟಿಲ್ಲ. ತಾಯಿ ಮೊಲ ದಿನಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ, ನಸುಕಿನಲ್ಲೋ ಮುಸ್ಸಂಜೆಯಲ್ಲೋ ಮೂರರಿಂದ ಐದು ನಿಮಿಷ ಮಾತ್ರ ಹಾಲು ಕೊಡುತ್ತದೆ. ಬೇಟೆಗಾರ ಪ್ರಾಣಿಗೆ ವಾಸನೆ ಸಿಗದಿರಲಿ ಎಂದು ಗೂಡಿನಿಂದ ದೂರ ಇರುವುದು ಅದರ ಹುಟ್ಟುಗುಣ. ನಾಳೆ ಬೆಳಿಗ್ಗೆ ಕೈ ತೊಳೆದುಕೊಂಡು ಒಂದೊಂದೇ ಮರಿಯನ್ನು ಎತ್ತಿ ನೋಡಿ. ಹೊಟ್ಟೆ ಪುಟ್ಟ ಬಲೂನಿನಂತೆ ಉಬ್ಬಿದ್ದರೆ ಹಾಲು ಕುಡಿದಿದೆ. ಹೊಟ್ಟೆಯ ಚರ್ಮ ಸುಕ್ಕಾಗಿದ್ದರೆ ಮಾತ್ರ ಗಾಬರಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬ ಮಾತು ಸಾಕಿದ ಮೊಲದ ವಿಷಯದಲ್ಲಿ ನಿಜವಲ್ಲ.

ಇರುವೆಗೆ ನಮ್ಮ ಅಜ್ಜಿಯರು ಹಾಲಿನ ಪಾತ್ರೆಗೆ ಮಾಡುತ್ತಿದ್ದ ಉಪಾಯವೇ ಸಾಕು. ಗೂಡಿನ ನಾಲ್ಕೂ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿ. ಗೂಡು ಗೋಡೆಗೆ ತಾಗದಿರಲಿ. ಇರುವೆ ಪುಡಿ, ಸೀಮೆಸುಣ್ಣ ಯಾವುದನ್ನೂ ಹತ್ತಿರ ತರಬೇಡಿ.

ಹಿತ್ತಲ ಮಲ್ಲಿಗೆ, ದಾವಣಗೆರೆ (ಮಾರ್ಚ್ 10)

ಡಾಕ್ಟರೇ, ಐದಕ್ಕೆ ಐದೂ ಮರಿಗಳ ಹೊಟ್ಟೆ ತುಂಬಿದೆ! ನಸುಕಿನ ಐದು ಗಂಟೆಗೆ ದೀಪ ಹಾಕದೆ ಕಾದು ಕುಳಿತು ನೋಡಿದೆ. ಹತ್ತಿ ಬಂದು ಮರಿಗಳ ಮೇಲೆ ನಿಂತಳು, ನಾಲ್ಕು ನಿಮಿಷದಲ್ಲಿ ಇಳಿದು ಹೋದಳು. ಗುಂಡನನ್ನು ಪಡಸಾಲೆಯಲ್ಲಿ ಬೇರೆ ಪಂಜರದಲ್ಲಿ ಇಟ್ಟಿದ್ದೇನೆ. ಸರಳು ಕಚ್ಚುತ್ತಾ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ, ನೋಡಲು ಆಗುತ್ತಿಲ್ಲ.

ಮೊಲದ ಶೆಡ್ಡು, ಕೊಳ್ಳೇಗಾಲ (ಮಾರ್ಚ್ 10)

ತಂಗಿ, ಬೇಸರ ಮಾಡಿಕೊಳ್ಳಬೇಡಿ. ನಾನು ಎಂಟು ವರ್ಷದಿಂದ ನ್ಯೂಜಿಲೆಂಡ್ ವೈಟ್ ಮತ್ತು ಸೋವಿಯತ್ ಚಿಂಚಿಲ್ಲಾ ತಳಿಗಳನ್ನು ಸಾಕುತ್ತಿದ್ದೇನೆ. ನನ್ನ ಶೆಡ್ಡಿನಲ್ಲಿ ಬೆಳೆದ ಮೊಲ ಪ್ರತಿಯೊಂದಕ್ಕೂ ಪ್ರತ್ಯೇಕ ಗೂಡು. ಕೂಡಿಸಬೇಕಾದಾಗ ಹೆಣ್ಣನ್ನು ಗಂಡಿನ ಗೂಡಿಗೆ ಒಯ್ಯುತ್ತೇನೆ, ಎಂದೂ ಗಂಡನ್ನು ಹೆಣ್ಣಿನ ಗೂಡಿಗೆ ಬಿಡುವುದಿಲ್ಲ. ತನ್ನ ಜಾಗಕ್ಕೆ ಬಂದ ಗಂಡನ್ನು ಹೆಣ್ಣು ಮೊಲ ಸೀಳಿ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕೆಲಸ ಮುಗಿದ ಕೂಡಲೇ ವಾಪಸ್ಸು. ಗಂಡು ಹೆಣ್ಣು ಒಟ್ಟಿಗೆ ಇದ್ದರೆ ಹೆಣ್ಣಿಗೆ ಉಸಿರಾಡಲು ಬಿಡುವಿರುವುದಿಲ್ಲ. ನನ್ನ ಅನುಭವದ ಮಾತು: ಎರಡನ್ನೂ ಬೇರೆ ಬೇರೆಯಾಗಿಯೇ ಇಡಿ, ವಾರದಲ್ಲಿ ಮರೆಯುತ್ತವೆ.

ಲೀಡ್ಸ್ ಕನ್ನಡತಿ (ಮಾರ್ಚ್ 11)

ಕೊಳ್ಳೇಗಾಲದ ಅಣ್ಣ ಹೇಳಿದ್ದು ಅವರ ಶೆಡ್ಡಿಗೆ ಪೂರ್ತಿ ಸರಿ. ಸಂತಾನಶಕ್ತಿ ಇರುವ ಗಂಡು ಹೆಣ್ಣುಗಳನ್ನು ಒಟ್ಟಿಗೆ ಬಿಡುವುದು ಹೆಣ್ಣಿಗೆ ಶಿಕ್ಷೆ. ಆದರೆ ಮನೆಯಲ್ಲಿ ಮುದ್ದಿಗೆ ಸಾಕುವ ಮೊಲದ ಮಾತೇ ಬೇರೆ. ಇಲ್ಲಿ ಇಂಗ್ಲೆಂಡಿನಲ್ಲಿ ಪ್ರಾಣಿ ಕಲ್ಯಾಣ ಸಂಸ್ಥೆಗಳು ಮೊಲವನ್ನು ಒಂಟಿಯಾಗಿ ಸಾಕಬೇಡಿ ಎಂದೇ ಹೇಳುತ್ತವೆ. ಎಲ್ಲಕ್ಕಿಂತ ಚೆನ್ನಾಗಿ ಹೊಂದುವ ಜೋಡಿ ಎಂದರೆ ಸಂತಾನಹರಣ ಚಿಕಿತ್ಸೆಯಾದ ಒಂದು ಗಂಡು ಮತ್ತು ಚಿಕಿತ್ಸೆಯಾದ ಒಂದು ಹೆಣ್ಣು. ಎರಡು ಗಂಡುಗಳಿಗಿಂತ, ಎರಡು ಹೆಣ್ಣುಗಳಿಗಿಂತ ಈ ಜೋಡಿ ಬಾಳುತ್ತದೆ.

ಮೊಲ ಮೂಲತಃ ಯುರೋಪಿನ ಬಿಲವಾಸಿ. ಗುಂಪಿನಲ್ಲಿ ಬದುಕುವ ಪ್ರಾಣಿ. ಒಂದು ಮೇಯುವಾಗ ಇನ್ನೊಂದು ಕಿವಿ ನಿಮಿರಿಸಿ ಕಾಯುತ್ತದೆ. ಮುಖ ನೆಕ್ಕುವುದು, ಒತ್ತಿಕೊಂಡು ಮಲಗುವುದು, ಇವನ್ನು ನಾವೆಷ್ಟು ಪ್ರೀತಿ ಮಾಡಿದರೂ ಕೊಡಲಾರೆವು. ಹಾಗಾಗಿ ಬೇರೆ ಮಾಡುವುದು ಈಗ ಕೆಲವು ವಾರಗಳ ಮಾತು, ಜೀವಮಾನದ್ದಲ್ಲ.

ಎರಡು ಪಂಜರಗಳನ್ನು ಒಂದಕ್ಕೊಂದು ಕಾಣುವಂತೆ ಇಡಿ, ನಡುವೆ ಒಂದು ಗೇಣು ಅಂತರವಿರಲಿ, ಇಲ್ಲದಿದ್ದರೆ ಸರಳಿನೊಳಗಿಂದಲೇ ಮೂಗು ಕಚ್ಚಿಕೊಳ್ಳುತ್ತಾರೆ. ವಾಸನೆ ಮರೆತರೆ ಆಮೇಲೆ ಅಪರಿಚಿತರಂತೆ ಕಾದಾಡುತ್ತಾರೆ.

ಗಣಿತದ ಮೇಷ್ಟ್ರು, ಧಾರವಾಡ (ಮಾರ್ಚ್ 11)

ಚಿಕಿತ್ಸೆ ಮಾಡಿಸದೆ ಬಿಟ್ಟರೆ ಏನಾಗುತ್ತದೆ ಎಂದು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ. 1202 ರಲ್ಲಿ ಪೀಸಾ ನಗರದ ಫಿಬೊನಾಚಿ ಕೇಳಿದ ಪ್ರಶ್ನೆ ಇದು: ಒಂದು ಜೋಡಿ ಮೊಲ ತಿಂಗಳಿಗೊಂದು ಜೋಡಿ ಮರಿ ಹಾಕಿದರೆ, ಆ ಮರಿಗಳೂ ಎರಡನೆಯ ತಿಂಗಳಿನಿಂದ ಹಾಕತೊಡಗಿದರೆ, ವರ್ಷದ ಕೊನೆಗೆ ಎಷ್ಟು ಜೋಡಿ? ಉತ್ತರ 377. ಅದೇ ಸಂಖ್ಯೆಗಳ ಸಾಲನ್ನು ಅವನಿಗಿಂತ ಮೊದಲೇ ಜೈನ ಆಚಾರ್ಯ ಹೇಮಚಂದ್ರರು ಛಂದಸ್ಸಿನ ಲಘು ಗುರುಗಳ ಲೆಕ್ಕದಲ್ಲಿ ಕಂಡಿದ್ದರು. ಮಕ್ಕಳಿಗೆ ಎರಡನ್ನೂ ಹೇಳುವುದು ನನಗೆ ಬಹಳ ಇಷ್ಟ.

ನಿಜವಾದ ಮೊಲ ತಿಂಗಳಲ್ಲಿ ಬೆಳೆಯುವುದಿಲ್ಲ, ನಾಲ್ಕೈದು ತಿಂಗಳು ಬೇಕು. ಆದರೆ ಒಂದು ಸಲಕ್ಕೆ ಎರಡಲ್ಲ, ಆರೇಳು ಮರಿ ಹಾಕುತ್ತದೆ. ಒಂದು ತಾಯಿಗೆ ಬಿಡುವೇ ಕೊಡದಿದ್ದರೆ 365 ದಿನಗಳಲ್ಲಿ 31 ದಿನದ ಹನ್ನೊಂದು ಬಾಣಂತನ, ಆರರಂತೆ 66 ಮರಿ. ಹೆಣ್ಣುಮಕ್ಕಳ ಲೆಕ್ಕ ಸೇರಿಸಿಲ್ಲ. ಕಾಗದದ ಮೇಲೆ ಇದು ಚೆಂದದ ಲೆಕ್ಕ. ಹತ್ತಿಯ ಮೈಮೇಲೆ ನಡೆಯಬಾರದು.

ತೋಟದ ಮನೆ, ಮೂಡಿಗೆರೆ (ಮಾರ್ಚ್ 13)

ನನ್ನದೊಂದು ಸಲಹೆ. ಮರಿಗಳು ದೊಡ್ಡದಾದ ಮೇಲೆ ಕಾಡಂಚಿನಲ್ಲಿ ಬಿಟ್ಟರೆ ಹೇಗೆ? ನಮ್ಮ ತೋಟದಲ್ಲಿ ಕಾಡುಮೊಲಗಳು ಬೇಕಾದಷ್ಟಿವೆ, ಜೊತೆ ಸೇರಿಕೊಳ್ಳುತ್ತವೆ.

ದನದ ಡಾಕ್ಟರು, ಹಾಸನ (ಮಾರ್ಚ್ 13)

ದಯವಿಟ್ಟು ಬೇಡ. ನಿಮ್ಮ ತೋಟದಲ್ಲಿ ಓಡಾಡುವುದು ಬೇರೆಯೇ ಪ್ರಾಣಿ. ಅದು ಬಿಲ ತೋಡುವುದಿಲ್ಲ, ಅದರ ಮರಿ ಹುಟ್ಟುವಾಗಲೇ ಕಣ್ಣು ತೆರೆದಿರುತ್ತದೆ, ಮೈತುಂಬಾ ಕೂದಲಿರುತ್ತದೆ. ಹತ್ತಿಯ ಮರಿ ಕಣ್ಣು ಬಿಡುವುದು ಹತ್ತು ಹನ್ನೆರಡು ದಿನಕ್ಕೆ. ಎರಡೂ ಕೂಡುವುದಿಲ್ಲ, ತಳಿ ಬೆರೆಯುವುದಿಲ್ಲ. ಪಂಜರದಲ್ಲಿ ಬೆಳೆದ ಬಿಳಿ ಮೊಲ ಕಾಡಂಚಿನಲ್ಲಿ ಒಂದು ರಾತ್ರಿ ಉಳಿದರೆ ಹೆಚ್ಚು. ನಾಯಿಯೋ ಮುಂಗುಸಿಯೋ ಹಾವೋ ಮುಗಿಸುತ್ತದೆ. ಇನ್ನೊಂದು ಮಾತು, ನಮ್ಮ ಕಾಡುಮೊಲ 1972 ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಮರಿ ಸಿಕ್ಕಿತೆಂದು ಅದನ್ನು ಹಿಡಿದು ಸಾಕುವುದೂ ಅಪರಾಧ.

ತೋಟದ ಮನೆ, ಮೂಡಿಗೆರೆ (ಮಾರ್ಚ್ 13)

ತಿಳಿದಿರಲಿಲ್ಲ ಡಾಕ್ಟರೇ. ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಮರಿಗಳಲ್ಲಿ ಎರಡನ್ನು ನಾನೇ ಸಾಕುತ್ತೇನೆ, ಬೆಕ್ಕು ನುಗ್ಗದ ಗೂಡು ಕಟ್ಟಿಸುತ್ತೇನೆ.

ಒಂಟಿ ಜಗಲಿ, ಮೈಸೂರು (ಮಾರ್ಚ್ 15)

ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಗುಂಡನಿಗೆ ಚಿಕಿತ್ಸೆ ಮಾಡಿಸಿದರೆ ಸಾಕು, ಹತ್ತಿಗೇಕೆ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ.

ನಮ್ಮಲ್ಲೂ ಒಂದು ಜೋಡಿ ಇತ್ತು, ಚುಕ್ಕಿ ಮತ್ತು ರಾಯ. ರಾಯನಿಗೆ ಮಾತ್ರ ಚಿಕಿತ್ಸೆ ಮಾಡಿಸಿದೆವು. ಮರಿಯ ಭಯ ಹೋಯಿತು, ನೆಮ್ಮದಿಯಾಗಿದ್ದೆವು. ಚುಕ್ಕಿಗೆ ನಾಲ್ಕೂವರೆ ವರ್ಷವಾದಾಗ ಮೂತ್ರದಲ್ಲಿ ಕೆಂಪು ಕಂಡಿತು. ಬೀಟ್‌ರೂಟ್ ತಿಂದಿರಬೇಕು ಎಂದುಕೊಂಡೆ. ಬಣ್ಣದ ತರಕಾರಿ ತಿಂದರೂ ಮೊಲದ ಮೂತ್ರ ಕೆಂಪಾಗುವುದುಂಟು, ಹಾಗೆಂದು ಸುಮ್ಮನಿದ್ದೆ. ಮೂರು ವಾರ ಕಳೆದ ಮೇಲೆ ಸ್ಕ್ಯಾನ್ ಮಾಡಿಸಿದರೆ ಗರ್ಭಕೋಶದಲ್ಲಿ ಗಡ್ಡೆ, ಅದು ಶ್ವಾಸಕೋಶಕ್ಕೂ ಹರಡಿತ್ತು. ಚಿಕಿತ್ಸೆಯಾಗದೆ ನಾಲ್ಕು ವರ್ಷ ದಾಟಿದ ಹೆಣ್ಣು ಮೊಲಗಳಿಗೆ ಈ ಕ್ಯಾನ್ಸರ್ ಬಹಳ ಸಾಮಾನ್ಯ ಎಂದು ವೈದ್ಯರು ಅವತ್ತು ಹೇಳಿದರು. ಮೊದಲೇ ಕೇಳಿದ್ದರೆ ಮೊದಲೇ ಹೇಳುತ್ತಿದ್ದರು. ನಾನು ಕೇಳಿರಲಿಲ್ಲ.

ಅವಳು ಹೋದ ದಿನ ವೈದ್ಯರು ಹೇಳಿದಂತೆ ದೇಹವನ್ನು ರಾಯನ ಪಕ್ಕದಲ್ಲಿ ಒಂದು ಗಂಟೆ ಇಟ್ಟೆವು. ಅವನು ಅವಳ ಕಿವಿ ನೆಕ್ಕಿದ, ಮೂಗಿನಿಂದ ನೂಕಿದ, ಕೊನೆಗೆ ತಾನಾಗಿಯೇ ದೂರ ಹೋಗಿ ಕುಳಿತ. ಹಾಗೆ ತೋರಿಸದಿದ್ದರೆ ಉಳಿದದ್ದು ದಿನಗಟ್ಟಲೆ ಹುಡುಕುತ್ತದೆಯಂತೆ.

ಹತ್ತಿಗೂ ಮಾಡಿಸಿ ಅಕ್ಕಾ.

ಹಿತ್ತಲ ಮಲ್ಲಿಗೆ, ದಾವಣಗೆರೆ (ಮಾರ್ಚ್ 15)

ಓದಿ ಅತ್ತುಬಿಟ್ಟೆ. ಖಂಡಿತ ಮಾಡಿಸುತ್ತೇನೆ.

ದನದ ಡಾಕ್ಟರು, ಹಾಸನ (ಮಾರ್ಚ್ 16)

ಮೈಸೂರಿನವರು ಬರೆದದ್ದಕ್ಕೆ ನಾನು ಸೇರಿಸಬೇಕಾದದ್ದು ಚಿಕಿತ್ಸೆಯ ಕ್ರಮ. ಗಂಡಿಗೆ ವೃಷಣ ಇಳಿದ ಮೇಲೆ, ಅಂದರೆ ಸುಮಾರು ನಾಲ್ಕು ತಿಂಗಳಿನ ನಂತರ ಮಾಡಬಹುದು. ಹೆಣ್ಣಿಗೆ ಐದಾರು ತಿಂಗಳ ಮೇಲೆ. ಹತ್ತಿಗೆ ಈಗ ಸಾಧ್ಯವಿಲ್ಲ. ಹಾಲು ಬಿಡಿಸಿ ಕೆಚ್ಚಲು ಒಣಗಬೇಕು, ಮೈ ಕೂಡಿಕೊಳ್ಳಬೇಕು. ಗುಂಡನದು ಮೊದಲು.

ಎಲ್ಲಿ ಮಾಡಿಸುವುದು ಎಂಬುದು ದೊಡ್ಡ ಪ್ರಶ್ನೆ. ನಾಯಿ ಬೆಕ್ಕುಗಳ ಶಸ್ತ್ರಚಿಕಿತ್ಸೆ ಮಾಡುವ ಎಲ್ಲರಿಗೂ ಮೊಲದ ಅರಿವಳಿಕೆ ರೂಢಿ ಇರುವುದಿಲ್ಲ. ನನಗೂ ಇಲ್ಲ, ನಾನು ಮಾಡುವುದಿಲ್ಲ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ, ಬೆಂಗಳೂರಿನವರು ಹೆಬ್ಬಾಳದ ಕಾಲೇಜಿನಲ್ಲಿ ಕೇಳಿ. ಈ ಹಿಂದೆ ಎಷ್ಟು ಮೊಲಗಳಿಗೆ ಮಾಡಿದ್ದೀರಿ ಎಂದು ಸಂಕೋಚವಿಲ್ಲದೆ ಕೇಳಿ. ಹಿಂದಿನ ರಾತ್ರಿಯಿಂದ ಉಪವಾಸ ಇಡಿ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ಮೊಲಕ್ಕೆ ವಾಂತಿ ಮಾಡಲು ಆಗುವುದಿಲ್ಲ, ಆದ್ದರಿಂದ ನಾಯಿಯಂತೆ ಉಪವಾಸ ಬೇಕಿಲ್ಲ. ಬದಲಿಗೆ ಅದರ ಕರುಳು ಸದಾ ಓಡುತ್ತಿರಬೇಕು. ಹನ್ನೆರಡು ಗಂಟೆ ಏನೂ ತಿನ್ನದೆ ಹಿಕ್ಕೆ ನಿಂತರೆ ಅದೇ ಜೀವಕ್ಕೆ ಕುತ್ತು. ಆಸ್ಪತ್ರೆಗೆ ಹೋಗುವಾಗ ಅದು ದಿನಾ ತಿನ್ನುವ ಗರಿಕೆ, ಕೊತ್ತಂಬರಿ ಸೊಪ್ಪನ್ನು ಚೀಲದಲ್ಲಿ ಒಯ್ಯಿರಿ, ಎಚ್ಚರವಾದ ಮೇಲೆ ಮೊದಲು ಅದನ್ನೇ ಮುಂದೆ ಹಿಡಿಯಿರಿ.

ಮತ್ತೆ ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ: ಚಿಕಿತ್ಸೆಯಾದ ದಿನವೇ ಗಂಡು ಬಂಜೆಯಾಗುವುದಿಲ್ಲ. ಒಳಗೆ ಉಳಿದ ವೀರ್ಯದಿಂದ ನಾಲ್ಕರಿಂದ ಆರು ವಾರದವರೆಗೆ ಗಬ್ಬ ನಿಲ್ಲಬಹುದು. ಆರು ವಾರ ಎಂದರೆ ಆರು ವಾರ.

ಹಿತ್ತಲ ಮಲ್ಲಿಗೆ, ದಾವಣಗೆರೆ (ಏಪ್ರಿಲ್ 9)

ಕ್ಯಾಲೆಂಡರಿನ ಗುರುತು ತಪ್ಪಲಿಲ್ಲ. ನಿನ್ನೆ ರಾತ್ರಿ ಹತ್ತಿ ಮತ್ತೆ ನಾಲ್ಕು ಮರಿ ಹಾಕಿದಳು, ಒಂದು ಸತ್ತೇ ಹುಟ್ಟಿತ್ತು. ಹಳೆಯ ಐದು ಮರಿಗಳನ್ನು ಮೂರು ದಿನದ ಹಿಂದೆಯೇ ಬೇರೆ ಪೆಟ್ಟಿಗೆಗೆ ಹಾಕಿದ್ದೆ, ಅವು ಹುಲ್ಲು ತಿನ್ನುತ್ತಿವೆ. ಈ ಬಾರಿ ಇರುವೆ ಇಲ್ಲ. ಆದರೆ ಹತ್ತಿಯ ಬೆನ್ನುಮೂಳೆ ಕೈಗೆ ಸಿಗುತ್ತಿದೆ. ಒಂದೇ ರಾತ್ರಿ ತಡವಾದದ್ದಕ್ಕೆ ಅವಳು ತೆತ್ತ ಬೆಲೆ ಇದು. ಏನು ತಿನ್ನಿಸಲಿ?

ಮೊಲದ ಶೆಡ್ಡು, ಕೊಳ್ಳೇಗಾಲ (ಏಪ್ರಿಲ್ 9)

ಕುದುರೆಮಸಾಲೆ ಸೊಪ್ಪು ಸಿಕ್ಕರೆ ಕೊಡಿ. ಬಾಣಂತಿಗೂ ಮರಿಗಳಿಗೂ ಅದು ಬಲ. ದೊಡ್ಡವಾದ ಮೇಲೆ ದಿನಾ ಬೇಡ, ಸುಣ್ಣದಂಶ ಹೆಚ್ಚು. ಹಿಪ್ಪುನೇರಳೆ ಸೊಪ್ಪು ಕೂಡ ಒಳ್ಳೆಯದು, ಔಷಧಿ ಹೊಡೆದಿರಬಾರದು ಅಷ್ಟೇ. ನೀರು ಹಗಲು ರಾತ್ರಿ ಮುಂದೆ ಇರಲಿ. ಕರುಣೆಯಿಂದ ಬಿಸ್ಕತ್ತು, ಅನ್ನ, ಬೆಲ್ಲ ಯಾರೂ ಕೊಡದಂತೆ ನೋಡಿಕೊಳ್ಳಿ. ಬಿಸಿಲು ಏರುತ್ತಿದೆ, ಮೊಲ ಬೆವರುವುದಿಲ್ಲ, 30 ಡಿಗ್ರಿ ದಾಟಿದರೆ ಸಂಕಟಪಡುತ್ತದೆ. ನಾನು ಶೆಡ್ಡಿನ ಸುತ್ತ ಒದ್ದೆ ಗೋಣಿಚೀಲ ಕಟ್ಟುತ್ತೇನೆ. ನೀವು ನೀರು ಹೆಪ್ಪುಗಟ್ಟಿಸಿದ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ, ಒರಗಿಕೊಂಡು ಮಲಗುತ್ತವೆ. ಕಿವಿಗೆ ತಣ್ಣೀರು ಸವರಿ. ಮೈಗೆ ಸುರಿಯಬೇಡಿ.

ಹಿತ್ತಲ ಮಲ್ಲಿಗೆ, ದಾವಣಗೆರೆ (ಏಪ್ರಿಲ್ 23)

ನಿನ್ನೆ ಶಿವಮೊಗ್ಗದಲ್ಲಿ ಗುಂಡನ ಶಸ್ತ್ರಚಿಕಿತ್ಸೆ ಆಯಿತು. ನಸುಕಿನಲ್ಲೇ ಹೊರಟೆವು, ಬಿಸಿಲೇರುವ ಮೊದಲು ತಲುಪಿದೆವು. ಎಚ್ಚರವಾಗಿ ಒಂದು ಗಂಟೆಗೆ ಗರಿಕೆಯ ಎಳೆಯೊಂದನ್ನು ಎಳೆದುಕೊಂಡ. ಮಗಳು ಆಸ್ಪತ್ರೆಯ ಬೆಂಚಿನ ಮೇಲೆಯೇ ಚಪ್ಪಾಳೆ ತಟ್ಟಿದಳು. ರಾತ್ರಿ ಹಿಕ್ಕೆಯನ್ನೂ ಹಾಕಿದ. ಹಿಕ್ಕೆ ಕಂಡು ಇಷ್ಟು ಸಂತೋಷಪಡುವ ದಿನ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಜೂನ್ 3 ಕ್ಕೆ ಆರು ವಾರ. ಮತ್ತೆ ಕ್ಯಾಲೆಂಡರಿಗೆ ಗುರುತು ಹಾಕಿದ್ದೇನೆ.

ಲೀಡ್ಸ್ ಕನ್ನಡತಿ (ಮೇ 20)

ಹಳೆಯ ಐದು ಮರಿಗಳಿಗೆ ಹತ್ತು ವಾರ ಆಗಿರಬೇಕಲ್ಲವೇ? ಗಂಡು ಹೆಣ್ಣು ನೋಡಿ ಬೇರೆ ಮಾಡಿದ್ದೀರಾ? ಅಂಗಡಿಯವರನ್ನೇ ನಂಬಿ ಹತ್ತಿಗೆ ಆದದ್ದು ಅವಳ ಹೆಣ್ಣುಮಕ್ಕಳಿಗೆ ಆಗದಿರಲಿ. ಬಾಲದ ಬುಡದಲ್ಲಿ ಮೆಲ್ಲನೆ ಒತ್ತಿದರೆ ಗಂಡಿನಲ್ಲಿ ದುಂಡನೆಯ ತುದಿ ಎದ್ದು ಕಾಣುತ್ತದೆ, ಹೆಣ್ಣಿನಲ್ಲಿ ಉದ್ದನೆಯ ಸೀಳು. ಅನುಮಾನವಿದ್ದರೆ ವಾರ ಬಿಟ್ಟು ಮತ್ತೆ ನೋಡಿ, ವೈದ್ಯರಿಗೂ ತೋರಿಸಿ. ಮರಿಗಳಲ್ಲಿ ಯಾರ ಕಣ್ಣೂ ತಪ್ಪಬಹುದು. ಒಡಹುಟ್ಟಿದವು ಎಂಬ ಬಂಧ ಮೊಲಗಳಿಗಿಲ್ಲ, ತಾಯಿ ಮಗ ಎಂಬುದೂ ಇಲ್ಲ.

ಹಿತ್ತಲ ಮಲ್ಲಿಗೆ, ದಾವಣಗೆರೆ (ಮೇ 21)

ವೈದ್ಯರೇ ನೋಡಿ ಹೇಳಿದರು, ಐದರಲ್ಲಿ ಮೂರು ಹೆಣ್ಣು, ಎರಡು ಗಂಡು. ಬೇರೆ ಮಾಡಿದ್ದೇನೆ. ಹೆಣ್ಣುಗಳಲ್ಲಿ ಎರಡು ಮೂಡಿಗೆರೆಗೆ ಹೋಗುತ್ತಿವೆ. ಉಳಿದವನ್ನು ಕೊಡುವಾಗ ಚಿಕಿತ್ಸೆ ಮಾಡಿಸುತ್ತೇವೆ ಎಂದು ಮಾತು ಕೊಟ್ಟವರಿಗೇ ಕೊಡುತ್ತೇನೆ.

ಹಿತ್ತಲ ಮಲ್ಲಿಗೆ, ದಾವಣಗೆರೆ (ಜೂನ್ 4)

ಆರು ವಾರ ಮುಗಿದ ಸಂಭ್ರಮದಲ್ಲಿ ನಿನ್ನೆ ಗುಂಡನನ್ನು ನೇರ ಹತ್ತಿಯ ಗೂಡಿಗೆ ಬಿಟ್ಟೆ. ಓಡಿ ಹೋಗಿ ಮುದ್ದಾಡುತ್ತಾರೆ ಎಂದುಕೊಂಡಿದ್ದೆ. ಹತ್ತಿ ಅವನ ಮೇಲೆ ಎರಗಿ ಬೆನ್ನಿನ ತುಪ್ಪಳ ಕಿತ್ತಳು. ಟವೆಲ್ ಎಸೆದು ಬಿಡಿಸಿದೆ. ನಾಲ್ಕು ತಿಂಗಳು ಒಂದೇ ತಟ್ಟೆಯಲ್ಲಿ ಉಂಡವರು! ಇನ್ನು ಕೂಡಿಸಲು ಆಗುವುದೇ ಇಲ್ಲವೇ?

ಮೊಲದ ಶೆಡ್ಡು, ಕೊಳ್ಳೇಗಾಲ (ಜೂನ್ 4)

ತಂಗಿ, ಮಾರ್ಚ್‌ನಲ್ಲೇ ಹೇಳಿದ್ದೆನಲ್ಲ. ಅವಳ ಗೂಡಿಗೆ ಅವನನ್ನು ಬಿಡಬಾರದು. ಅದು ಅವಳು ಮರಿ ಹಾಕಿದ ಜಾಗ.

ಲೀಡ್ಸ್ ಕನ್ನಡತಿ (ಜೂನ್ 4)

ಆಗುತ್ತದೆ, ಸ್ವಲ್ಪ ತಾಳ್ಮೆ ಬೇಕು. ಇಬ್ಬರೂ ಎಂದೂ ಕಾಲಿಡದ ಜಾಗ ಆರಿಸಿ. ನೆಲ ಜಾರದಂತೆ ಹಳೆಯ ಜಮಖಾನ ಹಾಸಿ, ನಡುವೆ ಸೊಪ್ಪಿನ ರಾಶಿ ಹಾಕಿ. ಮೊದಲ ದಿನ ಹತ್ತು ನಿಮಿಷ ಸಾಕು, ಜಗಳವಾಗುವ ಮೊದಲೇ ಮುಗಿಸಿ. ಅಟ್ಟಿಸಿಕೊಂಡು ಹೋಗುವುದು, ಒಬ್ಬರ ಮೇಲೊಬ್ಬರು ಹತ್ತುವುದು, ಒಂದಿಷ್ಟು ತುಪ್ಪಳ ಉದುರುವುದು, ಇವೆಲ್ಲ ಇರುತ್ತವೆ. ಚಿಕಿತ್ಸೆಯಾದ ಮೇಲೂ ಹತ್ತುತ್ತಾರೆ, ಅದು ಯಾರು ಮೇಲು ಎಂಬ ತೀರ್ಮಾನ. ಆದರೆ ತಲೆಯ ಕಡೆಯಿಂದ ಹತ್ತಲು ಬಿಡಬೇಡಿ, ಕೆಳಗಿರುವುದು ಕಚ್ಚಿದರೆ ಮೇಲಿನದರ ಗುಹ್ಯಕ್ಕೆ ಆಗುವ ಗಾಯ ಭೀಕರ. ಇಬ್ಬರೂ ಉರುಳಿಕೊಂಡು ಸುತ್ತತೊಡಗಿದರೆ ಬರಿಗೈ ಹಾಕಬೇಡಿ, ಟವೆಲ್ ಎಸೆದದ್ದು ಸರಿಯಾಗಿಯೇ ಇತ್ತು.

ಗೂಡುಗಳನ್ನು ದಿನ ಬಿಟ್ಟು ದಿನ ಅದಲು ಬದಲು ಮಾಡಿ. ಅವನ ಹುಲ್ಲಿನಲ್ಲಿ ಅವಳು ಮಲಗಲಿ, ಅವಳದರಲ್ಲಿ ಅವನು. ಕೊನೆಗೆ ಒಂದಾದ ಮೇಲೆ ಜಾಗ ಇಕ್ಕಟ್ಟಾಗಿರಬಾರದು. ಇಲ್ಲಿ ಒಂದು ಜೋಡಿಗೆ ಕನಿಷ್ಠ ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲದ ಜಾಗ ಕೊಡಿ ಎನ್ನುತ್ತಾರೆ. ಬಾಗಿಲು ಮುಚ್ಚಿದ ಹಿತ್ತಲ ಕಟ್ಟೆ ಇದ್ದರೆ ಅಷ್ಟು ಸಿಕ್ಕೇ ಸಿಗುತ್ತದೆ.

ದನದ ಡಾಕ್ಟರು, ಹಾಸನ (ಜೂನ್ 5)

ಹತ್ತಿಯ ಕೋಪಕ್ಕೆ ಇನ್ನೂ ಒಂದು ಕಾರಣವಿದೆ. ಅವಳ ಮೈಯಲ್ಲಿ ಇನ್ನೂ ಬಾಣಂತನದ ಬಿಸಿ ಇದೆ. ಅವಳ ಚಿಕಿತ್ಸೆಯಾಗಿ ಕೆಲವು ವಾರ ಕಳೆದ ಮೇಲೆ ಮೆತ್ತಗಾಗುತ್ತಾಳೆ. ಈಗ ಗಬ್ಬದ ಭಯವಿಲ್ಲ, ಆತುರವೂ ಬೇಡ.

ಹಿತ್ತಲ ಮಲ್ಲಿಗೆ, ದಾವಣಗೆರೆ (ಆಗಸ್ಟ್ 11)

ಬಹಳ ದಿನ ಬರೆಯಲಿಲ್ಲ, ಕ್ಷಮಿಸಿ. ಜೂನ್ ಕೊನೆಯಲ್ಲಿ ಹತ್ತಿಯ ಶಸ್ತ್ರಚಿಕಿತ್ಸೆ ಆಯಿತು. ಅವಳಿಗೆ ಗುಂಡನಿಗಿಂತ ಕಷ್ಟವಾಯಿತು, ಎರಡು ದಿನ ನೋವಿನ ಔಷಧಿ ಕೊಟ್ಟು, ಸೊಪ್ಪನ್ನು ಕೈಯಲ್ಲೇ ಹಿಡಿದು ತಿನ್ನಿಸಿದೆ. ಜುಲೈ ಮೂರನೆಯ ವಾರದಿಂದ ಮಹಡಿಯ ಖಾಲಿ ಕೋಣೆಯಲ್ಲಿ ಹತ್ತು ನಿಮಿಷ, ಇಪ್ಪತ್ತು ನಿಮಿಷ, ಅರ್ಧ ಗಂಟೆ. ಮೊದಲ ವಾರ ಬೆನ್ನು ತಿರುಗಿಸಿಯೇ ಕುಳಿತಿದ್ದರು. ಆಮೇಲೆ ಒಂದು ದಿನ ಗುಂಡ ಹೋಗಿ ಅವಳ ಗದ್ದದ ಕೆಳಗೆ ತಲೆ ಬಗ್ಗಿಸಿ ಇಟ್ಟ. ಅವಳು ಅಲ್ಲಾಡಲಿಲ್ಲ. ಅವನೂ ಅಲ್ಲಾಡಲಿಲ್ಲ. ಮಗಳು ಉಸಿರು ಬಿಗಿಹಿಡಿದು ನನ್ನ ಸೆರಗು ಹಿಡಿದುಕೊಂಡಿದ್ದಳು. ಕೊನೆಗೆ ಹತ್ತಿ ಅವನ ಹಣೆ ನೆಕ್ಕಿದಳು, ಎರಡೇ ಸಲ.

ಈಗ ಹಿತ್ತಲ ಕಟ್ಟೆಗೆ ಜಾಲರಿ ಹಾಕಿಸಿದ್ದೇವೆ, ಇಬ್ಬರೂ ಒಂದೇ ಗೋಣಿತಾಟಿನ ಮೇಲೆ ಮಲಗುತ್ತಾರೆ. ಗುಂಡನ ತಂತಿಯ ಪಂಜರ ಖಾಲಿ ಇದೆ. ಆರು ವಾರ ಕಾಯಬೇಕಾದವರು ದಾವಣಗೆರೆಯ ಸುತ್ತಮುತ್ತ ಯಾರಾದರೂ ಇದ್ದರೆ ಉಚಿತವಾಗಿ ಕೊಡುತ್ತೇನೆ. ಬಾಗಿಲಿನ ಚಿಲಕ ಸ್ವಲ್ಪ ಸಡಿಲ, ತಂತಿ ಸುತ್ತಿಕೊಳ್ಳಬೇಕು.

ಹೊಳೆದಂಡೆ, ಹರಿಹರ (ಆಗಸ್ಟ್ 12)

ಅಕ್ಕಾ, ನಮ್ಮ ಗಂಡು ಮೊಲಕ್ಕೆ ಈ ಶುಕ್ರವಾರ ಚಿಕಿತ್ಸೆ. ಹೆಣ್ಣು ಮೊಲವೂ ಮನೆಯಲ್ಲೇ ಇದೆ, ಅವನನ್ನು ಬೇರೆ ಇಡಲು ಜಾಗ ಹುಡುಕುತ್ತಿದ್ದೆ. ಗುರುವಾರ ಸಂಜೆ ಬಂದು ಪಂಜರ ತೆಗೆದುಕೊಂಡು ಹೋಗಲೇ?